ಸ್ಪೀಡ್ ಇದೆ, ನಂಬಿಕೆ ಇಲ್ಲ: ನಮ್ಮ ಏರಿಯಾದ ಬ್ರಾಡ್‌ಬ್ಯಾಂಡ್

ನಾನು ಕೊಡೋದು ಎರಡೇ ಸ್ಟಾರ್. ಸ್ಪೀಡ್ ಬಗ್ಗೆ ದೂರಿಲ್ಲ, ಕೇಬಲ್ ಕಟ್ ಆದರೆ ಅವತ್ತೇ ಹುಡುಗರು ಬಂದು ಸರಿ ಮಾಡುತ್ತಾರೆ. ಆದರೆ ಎಚ್‌ಟಿಟಿಪಿಯಲ್ಲೇ, ಅಂದರೆ ಮಾಹಿತಿಗೆ ಬೀಗ ಹಾಕದೆ ಕಳಿಸುವ ಹಳೇ ವಿಧಾನದಲ್ಲೇ, ಉಳಿದಿರುವ ಹಳೇ ಸೈಟ್ ಯಾವುದನ್ನು ತೆರೆದರೂ ಕೆಳಗೊಂದು ಜಾಹೀರಾತಿನ ಪಟ್ಟಿ ಬಂದು ಕೂರುತ್ತದೆ. ಅದು ಸೈಟಿನವರು ಹಾಕಿದ್ದಲ್ಲ. ಪೇಜ್ ಸೋರ್ಸ್ (ಪೇಜಿನ ಹಿಂದಿರುವ ಕೋಡ್) ನೋಡಿದರೆ ಕೊನೆಯಲ್ಲಿ ಯಾವುದೋ ಐಪಿ ನಂಬರಿನಿಂದ (ಇಂಟರ್ನೆಟ್ಟಿನಲ್ಲಿ ಒಂದು ಕಂಪ್ಯೂಟರಿನ ವಿಳಾಸ) ಬರುವ ಒಂದು ಸ್ಕ್ರಿಪ್ಟ್ ಸಾಲಿದೆ, ಅಂದರೆ ಪೇಜಿನಲ್ಲಿ ತಾನಾಗಿ ಓಡುವ ಪುಟ್ಟ ಪ್ರೋಗ್ರಾಂ, ಅದೇ ಪೇಜನ್ನು ಮೊಬೈಲ್ ಡೇಟಾದಲ್ಲಿ ತೆರೆದರೆ ಆ ಸಾಲೇ ಇಲ್ಲ! ಪೋಸ್ಟ್‌ಮ್ಯಾನ್ ನಮ್ಮ ಕಾಗದ ಒಡೆದು ತನ್ನ ಪಾಂಪ್ಲೆಟ್ ತುರುಕಿದ ಹಾಗಾಯ್ತು, ಅಲ್ವಾ? ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿದರೂ ಪಟ್ಟಿ ಹೋಗಲಿಲ್ಲ, ಯಾಕಂದ್ರೆ ಬ್ರಾಡ್‌ಬ್ಯಾಂಡ್‌ನವರು ಕೈ ಹಾಕುತ್ತಿರುವುದು ದಾರಿ ಮಧ್ಯದಲ್ಲಿ, ಪೇಜಿನ ಒಳಗೇ. ಮಾಹಿತಿಗೆ ಬೀಗ ಹಾಕಿ ಕಳಿಸುವ ಎಚ್‌ಟಿಟಿಪಿಎಸ್ ಇದ್ದರೆ ಈ ಆಟ ನಡೆಯಲ್ಲ.

2015ರಲ್ಲಿ ಏರ್‌ಟೆಲ್ 3ಜಿಯಲ್ಲಿ ಇಂಥದೇ ಸ್ಕ್ರಿಪ್ಟ್ ಸೇರುತ್ತಿರುವುದನ್ನು ಬೆಂಗಳೂರಿನ ಪ್ರೋಗ್ರಾಮರ್ ಒಬ್ಬರು ಬಯಲಿಗೆ ತಂದಾಗ, ಅದರ ಹಿಂದಿದ್ದ ಇಸ್ರೇಲಿ ಕಂಪನಿ ಅವರಿಗೇ ಲೀಗಲ್ ನೋಟಿಸ್ ಕಳಿಸಿತ್ತು. ಎಂಥ ಅನ್ಯಾಯ!

ಕಸ್ಟಮರ್ ಕೇರ್‌ನವರು "ನಿಮ್ಮ ಕಂಪ್ಯೂಟರಲ್ಲಿ ವೈರಸ್ ಇರಬೇಕು ಸರ್" ಅಂದರು. ಮನೆಯವರೆಲ್ಲರ ಫೋನಲ್ಲೂ ಅದೇ ಪಟ್ಟಿ ಬರುತ್ತೆ ಅಂದ ಮೇಲೆ ಸುಮ್ನೆ ಲೈನ್ ಕಟ್ ಮಾಡಿದರು. ದುಡ್ಡು ಕೊಡೋದು ನಾವು, ಜಾಹೀರಾತಿನ ದುಡ್ಡೂ ಇವರಿಗೇ ಬೇಕಾ? ಹೊಸದಾಗಿ ಕನೆಕ್ಷನ್ ತಗೊಳ್ಳುವವರು ವರ್ಷದ ಪ್ಯಾಕ್ ಹಾಕಿಸಬೇಡಿ, ಒಂದು ತಿಂಗಳದ್ದು ತಗೊಂಡು ನೋಡಿ.