ಆಟ ಬಿಟ್ಟ ನಕಾಟಾ ಅವರ ಸಾಕೆ ಸಂತೆ: ರೊಪ್ಪೊಂಗಿಯಲ್ಲಿ ಒಂದು ಸಂಜೆ

ಟೋಕಿಯೊದ ರೊಪ್ಪೊಂಗಿ ಹಿಲ್ಸ್ ಅರೀನಾದಲ್ಲಿ ವಸಂತಕಾಲದಲ್ಲಿ ನಡೆಯುವ ‘ಕ್ರಾಫ್ಟ್ ಸಾಕೆ ವೀಕ್’ಗೆ ನಾನು ಹೋದದ್ದು ಸಾಕೆ ಎಂಬ ಜಪಾನಿನ ಅಕ್ಕಿಮದ್ಯದ ಮೇಲಿನ ಮೋಹದಿಂದಲ್ಲ. ಅದನ್ನು ನಡೆಸುವ ಸಂಸ್ಥೆಯನ್ನು ಕಟ್ಟಿದವರು ಹಿಡೆತೋಶಿ ನಕಾಟಾ ಎಂಬ ಒಂದೇ ಕಾರಣಕ್ಕೆ ಹೋದೆ. 2006ರಲ್ಲಿ, ಇನ್ನೂ ಇಪ್ಪತ್ತೊಂಬತ್ತರ ಪ್ರಾಯದಲ್ಲಿ, ಫುಟ್‌ಬಾಲನ್ನು ಬಿಟ್ಟು ನಡೆದ ಆ ಆಟಗಾರನ ಮೇಲೆ ನನಗೊಂದು ಹಳೆಯ ಮುನಿಸಿತ್ತು. ಹಾಗೆ ಬಿಟ್ಟು ಹೋಗಿ ಅವರು ಮಾಡಿದ್ದೇನು ಎಂಬುದನ್ನು ಕಣ್ಣಾರೆ ಕಂಡು, ಕೈಲಾದರೆ ರುಚಿಯನ್ನೂ ನೋಡಿ ಬರೋಣವೆಂದು ಕಚೇರಿ ಮುಗಿಸಿಕೊಂಡು ಹೊರಟೆ.

ಮುನಿಸಿನ ಕಾರಣವನ್ನು ಮೊದಲು ಹೇಳಿಬಿಡಬೇಕು. 2006ರ ವಿಶ್ವಕಪ್‌ನಲ್ಲಿ ಜಪಾನ್ ತಂಡ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಬ್ರೆಜಿಲ್ ಎದುರು 4-1ರಿಂದ ಸೋತಾಗ ನಮ್ಮಲ್ಲಿ ರಾತ್ರಿ ಎರಡು ಗಂಟೆ ದಾಟಿತ್ತು. ದಾವಣಗೆರೆಯ ಮನೆಯಲ್ಲಿ ಎಲ್ಲರೂ ಮಲಗಿದ್ದರಿಂದ ಟಿವಿಯ ಸದ್ದನ್ನು ಪೂರ್ತಿ ಅಡಗಿಸಿ ನೋಡುತ್ತಿದ್ದೆ. ಉಳಿದವರೆಲ್ಲ ಒಳಗೆ ಹೋಗುತ್ತಿದ್ದರೂ ನಕಾಟಾ ಮಾತ್ರ ಮೈದಾನದ ನಡುವೃತ್ತದಲ್ಲಿ ಅಂಗಾತ ಮಲಗಿಬಿಟ್ಟಿದ್ದರು, ಎಷ್ಟು ಹೊತ್ತಾದರೂ ಏಳಲಿಲ್ಲ. ಸೋಲಿನ ದುಃಖವೆಂದು ನಾನು ತಿಳಿದೆ. ಹನ್ನೊಂದು ದಿನಗಳ ನಂತರ, ಜುಲೈ 3ರಂದು, ತಮ್ಮ ಜಾಲತಾಣದಲ್ಲಿ ಅವರು ನಿವೃತ್ತಿಯನ್ನು ಪ್ರಕಟಿಸಿದರು. ಈ ವಿಶ್ವಕಪ್ಪೇ ಕೊನೆ ಎಂದು ಸುಮಾರು ಆರು ತಿಂಗಳ ಹಿಂದೆಯೇ ನಿಶ್ಚಯಿಸಿದ್ದಾಗಿ ಅದರಲ್ಲಿ ಬರೆದಿದ್ದರು. ಆಟ ನಿಲ್ಲಿಸಲೇಬೇಕೆನ್ನುವಂಥ ಗಾಯವಿರಲಿಲ್ಲ, ಕರೆಯುವ ಕ್ಲಬ್ಬುಗಳಿಗೂ ಬರವಿರುತ್ತಿರಲಿಲ್ಲ. ಅಂದು ನಾನು ಟಿವಿಯಲ್ಲಿ ಕಂಡದ್ದು ಒಬ್ಬ ಮನುಷ್ಯ ಯಾರಿಗೂ ಹೇಳದೆ ವಿದಾಯ ಹೇಳುತ್ತಿದ್ದುದನ್ನು ಎಂಬುದು ತಡವಾಗಿ ಅರ್ಥವಾಯಿತು.

ಬಿಟ್ಟದ್ದಾದರೂ ಎಂಥ ಆಟವನ್ನು! 1998ರಲ್ಲಿ ಇಟಲಿಯ ಪೆರುಜಾ ತಂಡಕ್ಕೆ ಬಂದು, ಮೊದಲ ಲೀಗ್ ಪಂದ್ಯದಲ್ಲೇ ಯುವೆಂಟಸ್‌ನಂಥ ತಂಡಕ್ಕೆ ಎರಡು ಗೋಲು ಹೊಡೆದವರು ಅವರು. 2001ರ ಮೇ ತಿಂಗಳಲ್ಲಿ ಟುರಿನ್‌ನಲ್ಲಿ, ಆಗ ಅವರು ಆಡುತ್ತಿದ್ದ ರೋಮಾ ತಂಡ ಅದೇ ಯುವೆಂಟಸ್ ಎದುರು ಎರಡು ಗೋಲುಗಳಿಂದ ಹಿಂದಿದ್ದಾಗ, ತಂಡದ ನಾಯಕ ತೊತ್ತಿಯನ್ನು ಹೊರಗೆ ಕರೆದು ನಕಾಟಾರನ್ನು ಇಳಿಸಲಾಯಿತು. ದೂರದಿಂದ ಬಾರಿಸಿದ ಒಂದು ಹೊಡೆತ ನೇರ ಗೋಲಿಗೆ ಹೋಯಿತು, ಇನ್ನೊಂದನ್ನು ಗೋಲ್‌ಕೀಪರ್ ತಡೆದರೂ ಹಿಡಿಯಲಾರದೆ ಹೋದಾಗ ರೋಮಾದವರೇ ಆದ ಮೊಂತೆಲ್ಲಾ ಅದನ್ನು ಒಳಕ್ಕೆ ತಳ್ಳಿದರು. 2-2ರ ಆ ಸಮಬಲವಿಲ್ಲದೆ ಆ ವರ್ಷದ ಇಟಲಿ ಲೀಗ್ ಪ್ರಶಸ್ತಿ ರೋಮಾಕ್ಕೆ ಒಲಿಯುತ್ತಿತ್ತೇ ಎಂಬ ಅನುಮಾನ ನನಗೆ ಈಗಲೂ ಇದೆ. ಫುಟ್‌ಬಾಲ್ ದೊಡ್ಡ ವ್ಯಾಪಾರವಾಗಿ ಹೋಯಿತು, ಹಣಕ್ಕಾಗಿಯೇ ಆಡುತ್ತಿರುವಂತೆ ಅನಿಸತೊಡಗಿತು ಎಂದು ಅವರು ವರ್ಷಗಳ ನಂತರ ಕಾರಣ ಹೇಳಿದರು. ರೋಮಾದಿಂದ ಪಾರ್ಮಾ ತಂಡ ಅವರನ್ನು ಕೊಂಡದ್ದೂ ಭಾರಿ ಬೆಲೆಗೇ ಎಂಬುದನ್ನು ನೆನೆದು ನಾನು ಆಗ ಸ್ವಲ್ಪ ನಕ್ಕಿದ್ದೂ ಉಂಟು.

ಆಮೇಲೆ ಅವರು ದೇಶದೇಶ ಸುತ್ತಿದರು. 2009ರಿಂದ ಜಪಾನಿನ 47 ಪ್ರಾಂತಗಳನ್ನೂ ಒಂದೊಂದಾಗಿ ತಿರುಗುತ್ತ, ಸಾಕೆ ತಯಾರಿಸುವ ನೂರಾರು ಮನೆಗಳ ಬಾಗಿಲು ತಟ್ಟಿದರು. 2015ರಲ್ಲಿ ಜಪಾನ್ ಕ್ರಾಫ್ಟ್ ಸಾಕೆ ಕಂಪನಿಯನ್ನು ಸ್ಥಾಪಿಸಿದರು, ಮರುವರ್ಷ ಈ ಸಂತೆ ಆರಂಭವಾಯಿತು.

ವ್ಯವಸ್ಥೆ ಸರಳವಾಗಿದೆ. ಒಳಗೆ ಹೋದೊಡನೆ ಒಂದು ಗ್ಲಾಸು ಮತ್ತು ಕೆಲವು ಕಾಯಿನ್‌ಗಳಿರುವ ಸೆಟ್ಟನ್ನು ಕೊಂಡುಕೊಳ್ಳಬೇಕು. ಗ್ಲಾಸು ನಮ್ಮದೇ ಆಗುತ್ತದೆ, ಕುಡಿಯುವುದಕ್ಕೂ ತಿನ್ನುವುದಕ್ಕೂ ಕಾಯಿನ್‌ಗಳನ್ನೇ ಕೊಡಬೇಕು. ದಿನಕ್ಕೆ ಹತ್ತು ತಯಾರಕರು ಮಾತ್ರ ಮಳಿಗೆ ಹಾಕುತ್ತಾರೆ, ಮರುದಿನ ಬೇರೆ ಹತ್ತು ಮಂದಿ ಬರುತ್ತಾರೆ. ಈ ಮಿತಿಯೇ ಇದರ ದೊಡ್ಡ ಗುಣ ಎಂದು ನನಗೆ ಅನಿಸಿತು, ಏಕೆಂದರೆ ನೂರು ಬಾಟಲಿಗಳ ಮುಂದೆ ಕಕ್ಕಾಬಿಕ್ಕಿಯಾಗಿ ನಿಲ್ಲುವ ನನ್ನಂಥ ಹೊಸಬನಿಗೆ ಹತ್ತು ಮಳಿಗೆಗಳ ನಡುವೆ ಎರಡು ಸುತ್ತು ಹಾಕಿ, ಸುರಿಯುವವರ ಮುಖ ನೋಡಿ, ಒಂದನ್ನು ಆರಿಸಿಕೊಳ್ಳುವುದು ಕಷ್ಟವಲ್ಲ.

ನಾನು ನಿಂತದ್ದು ಯಮಗಾತಾ ಪ್ರಾಂತದವರ ಮಳಿಗೆಯ ಮುಂದೆ. ಅಲ್ಲಿದ್ದ ಮಧ್ಯವಯಸ್ಕರು ನನ್ನ ಅರೆಬರೆ ಜಪಾನಿ ಭಾಷೆಯನ್ನು ಸಹಿಸಿಕೊಂಡು ಮೂರು ಪುಟ್ಟ ಸೀಸೆಗಳನ್ನು ಮುಂದಿಟ್ಟರು. ಮೊದಲನೆಯದರಲ್ಲಿ ಹೊಟ್ಟು ಮಾತ್ರ ತೆಗೆದ ಅಕ್ಕಿ, ಎರಡನೆಯದರಲ್ಲಿ ಶೇಕಡ 60 ಉಳಿಯುವಷ್ಟು ಉಜ್ಜಿದ ಅಕ್ಕಿ, ಮೂರನೆಯದರಲ್ಲಿ ಶೇಕಡ 40 ಮಾತ್ರ ಉಳಿದ ಅಕ್ಕಿ. ಕೊನೆಯದನ್ನು ಅಂಗೈಯಲ್ಲಿ ಹಾಕಿಕೊಂಡರೆ ಥೇಟು ಸಣ್ಣ ಸಾಬಕ್ಕಿ. ಅಕ್ಕಿಯ ಹೊರಪದರದಲ್ಲಿರುವ ಕೊಬ್ಬು, ಪ್ರೋಟೀನುಗಳು ಹೋದಷ್ಟೂ ಪರಿಮಳ ತಿಳಿಯಾಗುತ್ತದೆಯಂತೆ. ಅರ್ಧಕ್ಕಿಂತ ಹೆಚ್ಚು ಅಕ್ಕಿಯನ್ನು ಉಜ್ಜಿ ಕಳೆಯುವುದನ್ನು ಕೇಳಿ, ಒಂದಗುಳು ಚೆಲ್ಲಿದರೂ ಬೈಯುತ್ತಿದ್ದ ಅಜ್ಜಿ ನೆನಪಾದರು. ಆ ಪುಡಿಯೂ ತಿಂಡಿಗೆ, ದನದ ಮೇವಿಗೆ ಬಳಕೆಯಾಗುತ್ತದೆ ಎಂದು ಮಳಿಗೆಯವರು ಹೇಳಿದ ಮೇಲೆ ಸಮಾಧಾನವಾಯಿತು.

ಅವರು ಸುರಿದ ಮೊದಲನೆಯದು ಜುನ್ಮಾಯ್, ಅಂದರೆ ಅಕ್ಕಿ, ನೀರು, ಕೊಜಿ ಎಂಬ ಬೂಷ್ಟು ಬೆಳೆಸಿದ ಅಕ್ಕಿ, ಹುದುಗು ಬರಿಸುವ ಯೀಸ್ಟ್ ಇಷ್ಟರಿಂದಲೇ ತಯಾರಾದದ್ದು. ಗಂಜಿಯ ತಿಳಿಯಂಥ ಮೃದುತನದ ಹಿಂದೆ ಒಂದು ಒಗರು ನಿಧಾನವಾಗಿ ಬಂದಿತು. ಎರಡನೆಯದು ಬಿಸಿ ಮಾಡಿ ಹುದುಗನ್ನು ಅಡಗಿಸದ ಹಸಿ ಸಾಕೆ. ಗ್ಲಾಸನ್ನು ಮೂಗಿನ ಬಳಿ ತಂದಾಗ, ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟಿನ ಮುಚ್ಚಳವನ್ನು ಬೆಳಿಗ್ಗೆ ತೆಗೆದಂತಾಯಿತು. ನನ್ನ ಮಟ್ಟಿಗೆ ಸಂಜೆಯ ಬೆಲೆ ಅಲ್ಲಿಗೇ ಸಂದಿತು.

ತಪ್ಪು ನನ್ನದೊಂದಿತ್ತು: ಬರಿಹೊಟ್ಟೆಯಲ್ಲಿ ಹೋಗಿದ್ದೆ. ಸಾಕೆಯಲ್ಲಿ ಸಾಮಾನ್ಯವಾಗಿ ಶೇಕಡ 15ರ ಆಸುಪಾಸಿನಲ್ಲಿ ಮದ್ಯಸಾರವಿರುವುದರಿಂದ, ನೀರಿನಂತೆ ಇಳಿದದ್ದು ಮೂರನೆಯ ಗ್ಲಾಸಿನ ಹೊತ್ತಿಗೆ ಕಾಲಿಗೆ ಬಂದಿತು. ಸಾಕೆಯ ನಡುನಡುವೆ ಕುಡಿಯುವ ನೀರಿಗೆ ಜಪಾನಿನವರು ‘ಯವರಗಿ ಮಿಜು’, ಅಂದರೆ ಮೆದುಗೊಳಿಸುವ ನೀರು, ಎಂಬ ಚೆಂದದ ಹೆಸರಿಟ್ಟಿದ್ದಾರೆ, ಅದನ್ನು ಮರೆಯಬಾರದು. ಸಸ್ಯಾಹಾರಿಗಳು ಮನೆಯಲ್ಲಿ ಊಟ ಮುಗಿಸಿಯೇ ಹೊರಡುವುದು ಒಳ್ಳೆಯದು, ಏಕೆಂದರೆ ಜಪಾನೀ ಅಡುಗೆಯಲ್ಲಿ ಬರೀ ತರಕಾರಿಯೆಂದು ಕಾಣುವುದರ ಸಾರಿನಲ್ಲೂ ಮೀನು ಇರುವುದೇ ಹೆಚ್ಚು.

ನಕಾಟಾ ಎಲ್ಲಿದ್ದರು? ನಾನು ಹೋದ ಸಂಜೆ ಅವರು ಕಾಣಲಿಲ್ಲ, ಅವರ ಜರ್ಸಿಯಾಗಲಿ ಗೋಲಿನ ಚಿತ್ರವಾಗಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಪಕ್ಕದ ಮೇಜಿನಲ್ಲಿದ್ದ ಇಪ್ಪತ್ತರ ಹರೆಯದ ಯುವತಿಗೆ ಅವರು ಫುಟ್‌ಬಾಲ್ ಆಡುತ್ತಿದ್ದದ್ದು ಗೊತ್ತಿತ್ತು, ಆದರೆ ಆಡಿದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಟುರಿನ್‌ನ ಆ ಗೋಲನ್ನು ನನ್ನ ಫೋನಿನಲ್ಲಿ ತೋರಿಸಿದೆ. ಎರಡು ಸಲ ನೋಡಿ, ಇಷ್ಟು ಚೆನ್ನಾಗಿ ಆಡುತ್ತಿದ್ದವರು ಏಕೆ ಬಿಟ್ಟರು ಎಂದು ನನ್ನನ್ನೇ ಕೇಳಿದಳು.

ಮುನಿಸು ಪೂರ್ತಿ ಹೋಯಿತೆಂದು ಹೇಳಲಾರೆ. 2010ರ ವಿಶ್ವಕಪ್ಪಿಗೆ ಅವರಿಗೆ ಮೂವತ್ತಮೂರು ವರ್ಷ ಮಾತ್ರ ಆಗಿರುತ್ತಿತ್ತು. ಯಮಗಾತಾದ ಸಾಕೆ ಎಷ್ಟೇ ಚೆನ್ನಾಗಿದ್ದರೂ ಆ ಲೆಕ್ಕವನ್ನು ಅದು ತೀರಿಸುವುದಿಲ್ಲ. ಆದರೂ ಮುಂದಿನ ಬಾರಿ ಬೇರೆ ಹತ್ತು ಮಂದಿಯ ದಿನ ನೋಡಿಕೊಂಡು, ಹೊಟ್ಟೆತುಂಬ ಉಂಡು, ಹಿಬಿಯಾ ಮಾರ್ಗದ ರೈಲಿನಲ್ಲಿ ಬೇಗನೆ ಹೋಗುವವನಿದ್ದೇನೆ, ತಂದ ಗ್ಲಾಸನ್ನು ತೊಳೆದು ಕಪಾಟಿನಲ್ಲಿಟ್ಟಿದ್ದೇನೆ.