ಮಕ್ಕಳ ಫಿಟ್ಸ್‌ಗೆ ಎಂಆರ್‌ಐ: ಬೆಂಗಳೂರಿನ ಸ್ಕ್ಯಾನ್ ಸೆಂಟರ್‌ಗಳಲ್ಲಿ ಕೊಟ್ಟ ದುಡ್ಡಿಗೆ ಏನು ಸಿಗಬೇಕು

ಬೆಂಗಳೂರಿನಲ್ಲಿ ಸ್ಕ್ಯಾನ್ ಸೆಂಟರ್‌ಗಳಿಗೆ ಬರವಿಲ್ಲ. ಜಯನಗರದಿಂದ ಯಲಹಂಕದವರೆಗೆ ‘3 ಟೆಸ್ಲಾ ಎಂಆರ್‌ಐ’ ಬೋರ್ಡುಗಳು ಕಾಣುತ್ತವೆ (ಟೆಸ್ಲಾ ಎಂದರೆ ಯಂತ್ರದ ಕಾಂತಶಕ್ತಿಯ ಅಳತೆ). ಆದರೆ ತಲೆನೋವೆಂದು ಬಂದ ದೊಡ್ಡವರಿಗೆ ಮಾಡುವ ಸ್ಕ್ಯಾನೇ ಬೇರೆ, ಫಿಟ್ಸ್ ಬರುವ ಒಂದು ವರ್ಷದ ಕೂಸಿಗೆ ಬೇಕಾದ ಸ್ಕ್ಯಾನೇ ಬೇರೆ. ಬಿಲ್ಲಿನಲ್ಲಿ ಎಷ್ಟೋ ಸಲ ಎರಡಕ್ಕೂ ‘ಎಂಆರ್‌ಐ ಬ್ರೇನ್’ ಎಂದಷ್ಟೇ ಇರುತ್ತದೆ. ಇಲ್ಲಿ ಯಾವುದೋ ಒಂದು ಸೆಂಟರಿನ ಮಾತಿಲ್ಲ. ‘ಎಪಿಲೆಪ್ಸಿ ಪ್ರೊಟೋಕಾಲ್’, ಅಂದರೆ ಮತ್ತೆಮತ್ತೆ ಬರುವ ಫಿಟ್ಸ್‌ಗೆ ಕಾರಣ ಹುಡುಕಲೆಂದೇ ಗೊತ್ತುಮಾಡಿದ ಸ್ಕ್ಯಾನ್ ಕ್ರಮ, ಎಂಬ ಹೆಸರಿನಲ್ಲಿ ಸಿಗುವ ಸೇವೆಯನ್ನು ಅಳೆದು ನೋಡಿದ್ದೇವೆ.

ಮೊದಲು, ಯಾರಿಗೆ ಬೇಡ ಎಂಬುದು. ಜ್ವರ ಏರಿದಾಗ ಒಮ್ಮೆ ಬಂದು ಕೆಲವೇ ನಿಮಿಷಗಳಲ್ಲಿ ನಿಂತ ಸಾಮಾನ್ಯ ಜ್ವರದ ಫಿಟ್ಸ್‌ಗೆ ಎಂಆರ್‌ಐ ಬೇಕಿಲ್ಲ. ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಸ್ಪಷ್ಟವಾಗಿ ಗೊತ್ತಾಗುವ ಆಬ್ಸೆನ್ಸ್, ರೊಲ್ಯಾಂಡಿಕ್ ಎಂಬ ಫಿಟ್ಸ್ ಬಗೆಗಳಿಗೂ ಸಾಮಾನ್ಯವಾಗಿ ಬೇಡ. ಎರಡು ವರ್ಷದೊಳಗೆ ಶುರುವಾದ ಎಪಿಲೆಪ್ಸಿ, ಮೈಯ ಒಂದೇ ಪಕ್ಕ ಎಳೆಯುವ ಫಿಟ್ಸ್, ಬೆಳವಣಿಗೆ ಹಿಂದೆ ಬಿದ್ದ ಮಗು: ಇವರಿಗಂತೂ ಸ್ಕ್ಯಾನ್ ಬೇಕೇ ಬೇಕು.

ಯಂತ್ರದ ಟೆಸ್ಲಾಕ್ಕಿಂತ ಮೊದಲು ಕೇಳಬೇಕಾದ್ದು ಸ್ಲೈಸಿನ, ಅಂದರೆ ಮಿದುಳನ್ನು ಪದರಪದರವಾಗಿ ತೆಗೆಯುವ ಒಂದೊಂದು ಚಿತ್ರದ, ದಪ್ಪ. ಮಕ್ಕಳಲ್ಲಿ ಔಷಧಿಗೆ ಬಗ್ಗದ ಫಿಟ್ಸ್‌ಗೆ ದೊಡ್ಡ ಕಾರಣವೊಂದು ಕಾರ್ಟಿಕಲ್ ಡಿಸ್‌ಪ್ಲೇಸಿಯಾ, ಅಂದರೆ ಮಿದುಳಿನ ಹೊರಪದರ ಒಂದು ಕಡೆ ಸರಿಯಾಗಿ ರೂಪುಗೊಳ್ಳದೆ ಉಳಿಯುವುದು. ಎಷ್ಟೋ ಸಲ ಅದು ಮಡಿಕೆಯ ತಳದಲ್ಲಿ ಕೆಲವೇ ಮಿಲಿಮೀಟರ್ ಜಾಗದಲ್ಲಿ ಅಡಗಿರುತ್ತದೆ. 5 ಮಿಲಿಮೀಟರ್ ದಪ್ಪದ ಸ್ಲೈಸಿಗೆ ಅದು ಸಿಗುವುದು ಕಷ್ಟ. 2019ರಲ್ಲಿ ಪ್ರಕಟವಾದ ‘ಹಾರ್ನೆಸ್’ ಪ್ರೊಟೋಕಾಲ್ ಮೂರು ಚಿತ್ರಸರಣಿಗಳನ್ನು ಕೇಳುತ್ತದೆ (ಟಿ1, ಟಿ2, ಫ್ಲೇರ್ ಎಂಬುವು ಎಂಆರ್‌ಐ ಚಿತ್ರದ ಬೇರೆಬೇರೆ ಬಗೆಗಳು): 1 ಮಿಲಿಮೀಟರಿನ 3ಡಿ ಟಿ1, ಅಷ್ಟೇ ತೆಳುವಿನ 3ಡಿ ಫ್ಲೇರ್, ಹಿಪ್ಪೊಕ್ಯಾಂಪಸ್‌ಗೆ (ನೆನಪಿನ ಕೆಲಸ ನೋಡುವ ಮಿದುಳಿನ ಭಾಗ) ಅಡ್ಡವಾಗಿ, ಎದುರಿನಿಂದ ನೋಡಿದಂತೆ ತೆಗೆದ ಕೊರೋನಲ್ ಟಿ2. ಅಪಾಯಿಂಟ್‌ಮೆಂಟಿಗೆ ಫೋನ್ ಮಾಡಿದಾಗ ಟೆಕ್ನಿಷಿಯನ್ನರನ್ನೇ ಕೇಳಿ, ‘3ಡಿ ಟಿ1, 3ಡಿ ಫ್ಲೇರ್ ತೆಗೀತೀರಾ? ಸ್ಲೈಸ್ ಎಷ್ಟು ಎಂಎಂ?’ ತಡಬಡಾಯಿಸದೆ ಉತ್ತರ ಬಂದರೆ ಅದು ಒಳ್ಳೆಯ ಗುರುತು. ಒಂದು ವರ್ಷದೊಳಗಿನ ಕೂಸಿನಲ್ಲಿ ಫ್ಲೇರ್ ಅಷ್ಟಾಗಿ ಸಹಾಯಕ್ಕೆ ಬರುವುದಿಲ್ಲ, ತೆಳು ಸ್ಲೈಸಿನ ಟಿ2 ಮುಖ್ಯ. 3 ಟೆಸ್ಲಾ ಇದ್ದರೆ ಒಳ್ಳೆಯದೇ. ಆದರೂ ಮಗು ಅಲುಗಾಡಿದ 3 ಟೆಸ್ಲಾ ಚಿತ್ರಕ್ಕಿಂತ ಅಲುಗದೆ ತೆಗೆದ 1.5 ಟೆಸ್ಲಾ ಚಿತ್ರ ಎಷ್ಟೋ ಮೇಲು.

ಈ ಸೇವೆ ಹೆಚ್ಚಾಗಿ ಸೋಲುವುದು ಆ ಅಲುಗಾಟದಲ್ಲೇ. ಮೂರು ತಿಂಗಳೊಳಗಿನ ಕೂಸಾದರೆ ಹೊಟ್ಟೆ ತುಂಬ ಹಾಲು ಕೊಟ್ಟು, ಬೆಚ್ಚಗೆ ಬಟ್ಟೆ ಸುತ್ತಿ, ಕಿವಿ ಮುಚ್ಚಿದರೆ ಔಷಧಿ ಇಲ್ಲದೆಯೂ ಆಗುತ್ತದೆ. ಸಿಬ್ಬಂದಿಗೆ ತಾಳ್ಮೆ ಇರಬೇಕು ಅಷ್ಟೆ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಸಾಮಾನ್ಯವಾಗಿ ನಿದ್ದೆಯ ಔಷಧಿ ಬೇಕು. ‘ಟ್ರೈಕ್ಲೋಫಾಸ್ ಸಿರಪ್ ಮನೆಯಲ್ಲೇ ಕುಡಿಸಿಕೊಂಡು ಬನ್ನಿ’ ಎನ್ನುವ ಸೆಂಟರ್‌ಗೆ ದಯವಿಟ್ಟು ಹೋಗಬೇಡಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡ ಆಟೊದಲ್ಲಿ ಮಗು ಗಾಢ ನಿದ್ದೆಗೆ ಜಾರಿ, ಗದ್ದ ಎದೆಗೆ ಬಿದ್ದು ಉಸಿರುದಾರಿ ಮಡಚಿಕೊಂಡರೆ ಗಮನಿಸುವವರು ಯಾರು? ಸೆಂಟರ್ ತಲುಪುವಾಗ ಎಚ್ಚರವಾಗಿ, ಮೇಲೊಂದು ಡೋಸ್ ಕೊಟ್ಟರೆ ಅಪಾಯ ಇನ್ನೂ ಹೆಚ್ಚು. ಅರಿವಳಿಕೆ ತಜ್ಞರು ಸ್ಕ್ಯಾನ್ ಮುಗಿಯುವವರೆಗೂ ಅಲ್ಲೇ ಇರಬೇಕು. ಎಂಆರ್‌ಐ ಕೋಣೆಗೆಂದೇ ತಯಾರಾದ ಪಲ್ಸ್ ಆಕ್ಸಿಮೀಟರ್, ಆಕ್ಸಿಜನ್, ಸಕ್ಷನ್, ಎಚ್ಚರವಾಗುವವರೆಗೆ ಮಲಗಿಸಲು ಜಾಗ, ಎಲ್ಲವೂ ಇರಬೇಕು. ಮಾಮೂಲಿ ಆಕ್ಸಿಮೀಟರಿನ ವೈರು ಯಂತ್ರದೊಳಗೆ ಕಾದು ಎಳೆ ಬೆರಳನ್ನು ಸುಟ್ಟೀತು.

ನಿದ್ದೆಯ ಔಷಧಿ ಕೊಡುವ ಮಕ್ಕಳಿಗೆ ಹೊಟ್ಟೆ ಖಾಲಿ ಇಡುವ ಲೆಕ್ಕ: ರಾಗಿ ಸರಿ, ಹಸುವಿನ ಹಾಲು, ಡಬ್ಬಿ ಹಾಲು 6 ಗಂಟೆ ಮೊದಲು ನಿಲ್ಲಬೇಕು, ಎದೆಹಾಲು 4 ಗಂಟೆ, ಬರೀ ನೀರು 2 ಗಂಟೆ. ‘ಏನೂ ಕೊಡಬೇಡಿ’ ಎಂದರೆ ಫಿಟ್ಸ್ ಮಾತ್ರೆಯನ್ನೂ ಬಿಟ್ಟುಬಿಡುವ ತಂದೆತಾಯಿ ಇದ್ದಾರೆ. ಬಿಡಬಾರದು. ಬೆಳಗಿನ ಡೋಸನ್ನು ಅದರ ಹೊತ್ತಿಗೇ ಒಂದು ಗುಟುಕು ನೀರಿನಲ್ಲಿ ಹೇಗೆ ಕೊಡಬೇಕೆಂದು ಅರಿವಳಿಕೆ ತಜ್ಞರನ್ನು ಮುಂಚಿತವಾಗಿಯೇ ಕೇಳಿಟ್ಟುಕೊಳ್ಳಿ. ಹಸಿವು, ನಿದ್ದೆಗೇಡು, ತಪ್ಪಿದ ಡೋಸ್ ಮೂರೂ ಸೇರಿದರೆ ಕಾಯುವ ಕುರ್ಚಿಯಲ್ಲೇ ಫಿಟ್ಸ್ ಬರಬಹುದು. ಎಳೆಮಕ್ಕಳಿಗೆ ಬೆಳಗಿನ ಮೊದಲ ಸ್ಲಾಟ್ ಕೊಡುವ ಸೆಂಟರನ್ನು ಈ ಒಂದೇ ಕಾರಣಕ್ಕೆ ಮೆಚ್ಚಬೇಕು. ಮಗು ಕೀಟೋ ಪಥ್ಯದಲ್ಲಿದ್ದರೆ (ಫಿಟ್ಸ್ ತಡೆಯಲು ಸಕ್ಕರೆ, ಪಿಷ್ಟ ತೀರ ಕಡಿಮೆ ಮಾಡಿದ ಊಟ) ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆಯ, ಡ್ರಿಪ್ ಹಾಕದಂತೆ ಮೊದಲೇ ಹೇಳಿ.

ಉಡಿದಾರ, ತಾಯಿತ, ಕಾಲ್ಗೆಜ್ಜೆ, ಓಲೆ, ಜುಬ್ಬದ ಒಳಗೆ ಸಿಕ್ಕಿಸಿದ ಪಿನ್ನು, ಎಲ್ಲ ಮನೆಯಲ್ಲೇ ಬಿಚ್ಚಿಡಿ. ಕಾಡಿಗೆಯನ್ನೂ ಒರೆಸಿ, ಅಂಗಡಿಯ ಕೆಲವು ಕಾಡಿಗೆಗಳಲ್ಲಿರುವ ಲೋಹದ ಅಂಶ ಕಣ್ಣಿನ ಸುತ್ತಲಿನ ಚಿತ್ರವನ್ನು ಕೆಡಿಸುತ್ತದೆ.

ಕಾಂಟ್ರಾಸ್ಟ್ ಇಂಜೆಕ್ಷನ್ (ಕಲೆಗಳು ಚಿತ್ರದಲ್ಲಿ ಎದ್ದು ಕಾಣುವಂತೆ ಕೊಡುವ ಔಷಧಿ) ಎಲ್ಲರಿಗೂ ಬೇಡ. ಆದರೆ ನಮ್ಮ ಕಡೆ ಲಾಡಿಹುಳುವಿನ ಮರಿಗಳಿಂದ ಆಗುವ ನ್ಯೂರೋಸಿಸ್ಟಿಸರ್ಕೋಸಿಸ್, ಮಿದುಳಿನ ಕ್ಷಯ ಎರಡೂ ಇರುವುದರಿಂದ, ಸ್ಕ್ಯಾನಿನಲ್ಲಿ ಗಂಟೋ ಬಾವೋ ಕಂಡರೆ ಇಂಜೆಕ್ಷನ್ ಕೊಟ್ಟು ನೋಡುವುದು ಸರಿ. ಸುಣ್ಣಗಟ್ಟಿದ ಕಲೆ ಹುಡುಕಲು ಸಿಟಿ ಸ್ಕ್ಯಾನ್ ಮೇಲು, ಆದರೆ ಅದರಲ್ಲಿ ವಿಕಿರಣವಿದೆ.

ಇನ್ನು ರಿಪೋರ್ಟ್. ಚೀಟಿಯಲ್ಲಿ ‘ಸೀಜರ್ಸ್’ ಎಂದಷ್ಟೇ ಬರೆದಿದ್ದರೆ ಓದುವವರು ಎಲ್ಲಿ ಹುಡುಕಬೇಕು? ಯಾವ ಪಕ್ಕ ಎಳೆಯುತ್ತದೆ, ಇಇಜಿ ಏನು ಹೇಳುತ್ತದೆ, ಹುಟ್ಟಿದಾಗ ರಕ್ತದ ಸಕ್ಕರೆ ಇಳಿದಿತ್ತೇ, ಯಾವ ಔಷಧಿ ನಡೆಯುತ್ತಿದೆ ಎಂಬುದನ್ನು ನರತಜ್ಞರಿಂದ ಬರೆಸಿಕೊಂಡು ಹೋಗಿ. ಇನ್‌ಫೆಂಟೈಲ್ ಸ್ಪಾಸಮ್‌ಗೆ (ಎಳೆಗೂಸುಗಳಲ್ಲಿ ಮೈ ಬೆಚ್ಚಿಬಿದ್ದಂತೆ ಬರುವ ಫಿಟ್ಸ್) ವಿಗಾಬ್ಯಾಟ್ರಿನ್ ಔಷಧಿ ತೆಗೆದುಕೊಳ್ಳುವ ಕೂಸಿನ ಮಿದುಳಿನ ಒಳಭಾಗವಾದ ಥಲಾಮಸ್, ಮಿದುಳುಕಾಂಡಗಳಲ್ಲಿ ಎರಡೂ ಕಡೆ ಸಮನಾಗಿ ಬಿಳಿ ಕಾಣಿಸಬಹುದು. ಔಷಧಿ ಇಳಿಸಿದರೆ ಅದು ಸಾಮಾನ್ಯವಾಗಿ ಹೋಗುತ್ತದೆ. ಈ ವಿಷಯ ತಿಳಿಸದಿದ್ದರೆ ಅದನ್ನೇ ಮೆಟಬಾಲಿಕ್ (ದೇಹದ ರಾಸಾಯನಿಕ ಕ್ರಿಯೆ ಕೆಟ್ಟ) ಕಾಯಿಲೆಯೆಂದು ಓದಿ ಮನೆಯವರನ್ನೆಲ್ಲ ಕಂಗೆಡಿಸಿಯಾರು.

ಫಿಲ್ಮ್ ಜೊತೆಗೆ ಡೈಕಾಮ್ ಸಿಡಿಯನ್ನೂ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರಗಳಿರುವುದು) ಪಟ್ಟು ಹಿಡಿದು ತೆಗೆದುಕೊಳ್ಳಿ. ಮುಂದೆ ನಿಮ್ಹಾನ್ಸ್‌ನಲ್ಲೋ ಬೇರೆ ಕಡೆಯೋ ಸರ್ಜರಿಯ ಮಾತು ಬಂದರೆ ಸೂಕ್ಷ್ಮ ಕಲೆಯನ್ನು ಹುಡುಕಲು ಫಿಲ್ಮ್ ಸಾಲುವುದಿಲ್ಲ. ಎರಡು ವರ್ಷದೊಳಗೆ ಮಿದುಳಿನ ನರತಂತುಗಳಿಗೆ ಮಯಲಿನ್ ಹೊದಿಕೆ ಇನ್ನೂ ಬೆಳೆಯುತ್ತಿರುತ್ತದೆ, ಹಾಗಾಗಿ 4ನೇ ತಿಂಗಳಲ್ಲಿ ಕಂಡ ಡಿಸ್‌ಪ್ಲೇಸಿಯಾ 14ನೇ ತಿಂಗಳಲ್ಲಿ ಮರೆಯಾಗಿರಬಹುದು. ಆಗ ‘ನಾರ್ಮಲ್’ ಎಂದು ಬಂದರೂ ಫಿಟ್ಸ್ ನಿಲ್ಲದಿದ್ದರೆ 24ರಿಂದ 30 ತಿಂಗಳಾದ ಮೇಲೆ ಮತ್ತೊಮ್ಮೆ ತೆಗೆಸಬೇಕು. ಆ ದಿನ ಹಳೆಯ ಸಿಡಿಯನ್ನೂ ಕೈಯಲ್ಲಿ ಹಿಡಿದೇ ಹೋಗಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಕೇಳಿ.