ಮತ್ತೆ ಮತ್ತೆ ಆಡಲು ಯಾವ ರೆಸಿಡೆಂಟ್ ಈವಿಲ್ 2: 1998ರದೋ, 2019ರದೋ?

ಸರ್ವೈವಲ್ ಹಾರರ್, ಅಂದರೆ ಹೆದರಿಕೆಯ ನಡುವೆ ಜೀವ ಉಳಿಸಿಕೊಳ್ಳಬೇಕಾದ ವಿಡಿಯೊ ಆಟವನ್ನು ಒಮ್ಮೆ ಮುಗಿಸಿದ ಮೇಲೆ ಅದರಲ್ಲಿ ಹೆದರಿಕೆ ಉಳಿಯುವುದಿಲ್ಲ, ಆದ್ದರಿಂದ ಅದನ್ನು ಮತ್ತೆ ಆಡುವುದು ವ್ಯರ್ಥ ಎಂಬ ವಾದ ಹುಬ್ಬಳ್ಳಿಯ ನಮ್ಮ ಗೆಳೆಯರ ಬಳಗದಲ್ಲಿ ಬಹಳ ಕಾಲದಿಂದ ನಡೆದಿದೆ. ಹೆದರಿಕೆ ಕಡಿಮೆಯಾಗುವುದು ನಿಜ. ಆದರೆ ಮೊದಲ ಸಲ ಹೆದರಿ ಕಲಿತದ್ದು ಎರಡನೇ ಸಲ ಕೈಗೆ ಬರುತ್ತದೆಯೇ ಇಲ್ಲವೇ ಎಂಬುದರ ಮೇಲೆ ಮರು ಆಟದ ಬೆಲೆ ನಿಂತಿದೆ ಎಂದು ನನಗನ್ನಿಸುತ್ತದೆ. ಕ್ಯಾಪ್ಕಾಮ್‌ನ ರೆಸಿಡೆಂಟ್ ಈವಿಲ್ 2ರ 1998ರ ಮೂಲ, ಅದರ 2019ರ ಮರುನಿರ್ಮಾಣ ಮತ್ತು ಕ್ರಿಯೇಟಿವ್ ಅಸೆಂಬ್ಲಿ 2014ರಲ್ಲಿ ತಂದ ಏಲಿಯನ್: ಐಸೊಲೇಶನ್, ಈ ಮೂರನ್ನೂ ನಾನು ಈ ಅಳತೆಯಿಂದಲೇ ಆಡಿ ನೋಡಿದ್ದೇನೆ.

ಐಸೊಲೇಶನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಸಲ ಆಡುವಾಗ ಮೂರರಲ್ಲಿ ಅದೇ ಅತ್ಯಂತ ಭಯಂಕರವಾದದ್ದು. ಸೆವಾಸ್ಟೊಪೋಲ್ ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿ ಓಡಾಡುವ ಅನ್ಯಲೋಕದ ಜೀವಿಯನ್ನು ಕೊಲ್ಲಲು ಸಾಧ್ಯವಿಲ್ಲ, ಬೆಂಕಿಯಿಂದ ಸ್ವಲ್ಪ ಹೊತ್ತು ದೂರ ಅಟ್ಟಬಹುದು ಅಷ್ಟೇ. ಅದು ಯಾವ ದಾರಿಯಿಂದ ಬರುತ್ತದೆ ಎಂಬುದು ಪ್ರತಿ ಸಲವೂ ಬದಲಾಗುವುದರಿಂದ ಅದನ್ನೇ ಮತ್ತೆ ಮತ್ತೆ ಆಡಬೇಕೆಂದು ಹಲವರು ಹೇಳುತ್ತಾರೆ. ನನ್ನ ಅನುಭವ ಇದಕ್ಕೆ ತದ್ವಿರುದ್ಧವಾಗಿದೆ. ಎಷ್ಟೇ ಬಲ್ಲವನಾದರೂ ಲಾಕರಿನೊಳಗೆ ಉಸಿರು ಬಿಗಿಹಿಡಿದು ಕಾಯುವುದು ತಪ್ಪುವುದಿಲ್ಲ, ಮತ್ತು ಆಟ ಬಹಳ ದೀರ್ಘವಾಗಿದೆ.

1998ರ ಆಟದ ಬಲವಿರುವುದು ಅದರ ಜೋಡಿ ಕಥೆಗಳಲ್ಲಿ. ಪ್ಲೇಸ್ಟೇಷನ್ನಿನಲ್ಲಿ ಅದು ಎರಡು ಡಿಸ್ಕುಗಳಲ್ಲಿ ಬಂದಿತ್ತು: ಜೋಂಬಿಗಳು ತುಂಬಿದ ಊರಿನ ಪೊಲೀಸ್ ಠಾಣೆಯಲ್ಲಿ ಸಿಕ್ಕಿಬಿದ್ದ ಎರಡು ಮುಖ್ಯ ಪಾತ್ರಗಳಲ್ಲಿ ಒಂದು ಲಿಯಾನ್‌ನದು, ಇನ್ನೊಂದು ಕ್ಲೇರ್‌ಳದು. ಒಬ್ಬರ ಎ ಕಥೆಯನ್ನು ಮುಗಿಸಿದರೆ ಮತ್ತೊಬ್ಬರ ಬಿ ಕಥೆ ತೆರೆದುಕೊಳ್ಳುತ್ತದೆ, ಮತ್ತು ಎ ಕಥೆಯಲ್ಲಿ ಮಾಡಿದ್ದರ ಫಲವನ್ನು ಬಿ ಕಥೆಯಲ್ಲಿ ಉಣ್ಣಬೇಕಾಗುತ್ತದೆ. ಆಯುಧ ಕೋಣೆಯಲ್ಲಿರುವ ಸಬ್‌ಮಷೀನ್ ಗನ್ನನ್ನೂ, ಎಂಟು ಖಾನೆಗಳ ಚೀಲಕ್ಕೆ ಇನ್ನೆರಡನ್ನು ಸೇರಿಸುವ ಸೈಡ್ ಪ್ಯಾಕನ್ನೂ ಮೊದಲು ಬಂದವರೇ ಒಯ್ದರೆ ಹಿಂದೆ ಬರುವವರಿಗೆ ಬರಿಯ ಕಪಾಟು ಸಿಗುತ್ತದೆ. ಮರು ಆಟಕ್ಕೆ ಇದಕ್ಕಿಂತ ಒಳ್ಳೆಯ ಕಾರಣವನ್ನು ಯಾವ ಆಟವೂ ನನಗೆ ಕೊಟ್ಟಿಲ್ಲ. ಈ ಒಂದು ವಿಷಯದಲ್ಲಿ ಮರುನಿರ್ಮಾಣ ಸೋತಿದೆ ಎಂದು ಸ್ಪಷ್ಟವಾಗಿ ಹೇಳಬೇಕು: ಅದರ ಎರಡನೇ ಸುತ್ತಿನಲ್ಲಿ ಇನ್ನೊಬ್ಬರು ಆಗಲೇ ಹುಡುಕಿ ತೆಗೆದ ಠಾಣೆಯಿಂದ ಹೊರಬೀಳಲು ಬೇಕಾದ ಅವೇ ಮೂರು ಪದಕಗಳನ್ನು ಮತ್ತೆ ಹುಡುಕಬೇಕಾಗುತ್ತದೆ. ಪದಕಗಳಿರುವ ಪ್ರತಿಮೆಗಳ ಬೀಗದ ಸಂಕೇತ ಬದಲಾಗಿರುತ್ತದೆ ನಿಜ, ಆದರೆ ಎರಡು ಕಥೆಗಳು ಒಂದೇ ರಾತ್ರಿ ನಡೆದವು ಎಂದು ನಂಬುವುದು ಕಷ್ಟ.

ಹಾಗಿದ್ದೂ ನಾನು ಹೆಚ್ಚಾಗಿ ಮರಳುವುದು 2019ರ ಆಟಕ್ಕೇ. ಅದಕ್ಕೆ ಮುಖ್ಯ ಕಾರಣ ಮಿಸ್ಟರ್ ಎಕ್ಸ್. ಟೋಪಿ ಹಾಕಿಕೊಂಡು ಪೊಲೀಸ್ ಠಾಣೆಯಲ್ಲಿ ಗಸ್ತು ತಿರುಗುವ ಈ ದೈತ್ಯನನ್ನು ನಮ್ಮ ಬಳಗದವರು ‘ಸಾಹೇಬ್ರು’ ಎಂದೇ ಕರೆಯುತ್ತಾರೆ. ಒಬ್ಬನ ಕೈಯಲ್ಲಿ ಕಂಟ್ರೋಲರ್ ಇದ್ದರೆ ಹಿಂದೆ ಕುಳಿತವರು “ಸಾಹೇಬ್ರು ಬಂದ್ರಲೇ, ಓಡು” ಎಂದು ಕೂಗುತ್ತಿರುತ್ತಾರೆ. ಮೂಲ ಆಟದಲ್ಲಿ ಅವನು ಬಿ ಕಥೆಯಲ್ಲಿ ಮಾತ್ರ, ಗೊತ್ತುಮಾಡಿದ ಜಾಗಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ಕೆಡವಿದರೆ ಗುಂಡುಗಳನ್ನೂ ಬಿಟ್ಟುಹೋಗುತ್ತಾನಾದ್ದರಿಂದ ಮರು ಆಟದಲ್ಲಿ ಅವನ ಬರವನ್ನು ಕಾಯುವಂತಾಗುತ್ತದೆ. ಮರುನಿರ್ಮಾಣದಲ್ಲಿ ಠಾಣೆಗೆ ಬಂದು ಬಿದ್ದ ಹೆಲಿಕಾಪ್ಟರಿನ ಬೆಂಕಿ ಆರಿಸಿದ ಮೇಲೆ ಅವನು ಠಾಣೆಯ ಉದ್ದಗಲಕ್ಕೂ ನಡೆಯುತ್ತಾನೆ, ಗುಂಡಿನ ಸದ್ದು ಕೇಳಿದ ಕಡೆಗೆ ತಿರುಗುತ್ತಾನೆ, ಮಹಡಿಯ ಮೇಲಿದ್ದರೂ ಅವನ ಬೂಟಿನ ಸದ್ದು ಕೆಳಗೆ ಕೇಳಿಸುತ್ತದೆ. ಆ ಸದ್ದಿನಿಂದ ಅವನಿರುವ ದಿಕ್ಕನ್ನು ಅಳೆಯಲು ಕಲಿಯಬೇಕು, ಅದಕ್ಕಾಗಿ ಏಪ್ರಿಲ್ ತಿಂಗಳ ಸೆಕೆಯಲ್ಲೂ ನಾವು ಫ್ಯಾನ್ ಆರಿಸಿ ಕುಳಿತದ್ದುಂಟು.

ಇದರ ಜೊತೆಗೆ ಲಿಕ್ಕರ್ ಎಂಬ ಪ್ರಾಣಿಯಿದೆ. ಅದಕ್ಕೆ ಕಣ್ಣಿಲ್ಲ, ಕಿವಿ ಮಾತ್ರ ಬಲು ಚುರುಕು, ಆದ್ದರಿಂದ ಅದರ ಪಕ್ಕದಲ್ಲಿ ಮೆಲ್ಲನೆ ಹೆಜ್ಜೆಯಿಟ್ಟು ದಾಟಬೇಕು. ಹಿಂದಿನಿಂದ ಸಾಹೇಬರು ಬರುತ್ತಿರುವಾಗ ಮುಂದೆ ಲಿಕ್ಕರ್ ಇದ್ದರೆ ಓಡುವುದೂ ತಪ್ಪು, ನಿಲ್ಲುವುದೂ ತಪ್ಪು. ನಿಯಮಗಳೆಲ್ಲ ಗೊತ್ತಿದ್ದೂ ಸನ್ನಿವೇಶ ಮಾತ್ರ ಪ್ರತಿ ಸಲ ಹೊಸದಾಗಿರುತ್ತದೆ. ಐಸೊಲೇಶನ್‌ನಲ್ಲಿ ಬರಿಯ ಅನಿಶ್ಚಯವಿದೆ, ಮೂಲ ಆಟದಲ್ಲಿ ಬರಿಯ ನಿಶ್ಚಯವಿದೆ, ಇಲ್ಲಿ ಮಾತ್ರ ಎರಡೂ ಹದವಾಗಿ ಬೆರೆತಿವೆ. ಸಿಕ್ಕ ಮರದ ಹಲಗೆಯನ್ನು ಯಾವ ಕಿಟಕಿಗೆ ಮೊದಲು ಬಡಿಯಬೇಕು, ಯಾವ ಜೋಂಬಿಯ ಕಾಲಿಗೆ ಹೊಡೆದು ಗುಂಡು ಉಳಿಸಬೇಕು ಎಂಬ ಸಣ್ಣ ಲೆಕ್ಕಗಳೂ ಹಿಂದಿನ ಆಟಗಳ ನೆನಪಿನಿಂದಲೇ ಪಕ್ವವಾಗುತ್ತವೆ.

ಚಿತ್ರದ ಅಂದಚಂದಕ್ಕೆ ನಾನು ಹೆಚ್ಚು ಅಂಕ ಕೊಡುವವನಲ್ಲ. ಮೂಲದ ಕದಲದ ಕ್ಯಾಮೆರಾ ತಿರುವಿನಾಚೆ ಇರುವುದನ್ನು ಮರೆಮಾಡಿ ನರಳಾಟವನ್ನಷ್ಟೇ ಕೇಳಿಸುವುದು ಇಂದಿಗೂ ಚೆನ್ನಾಗಿಯೇ ಇದೆ, ಆದರೆ ಆ ಕೋನಗಳು ಬಾಯಿಪಾಠವಾದ ಮೇಲೆ ಅದರ ಕಾಟ ತಗ್ಗುತ್ತದೆ.

ಆಟವನ್ನು ಉಳಿಸಿಕೊಳ್ಳುವ (ಸೇವ್ ಮಾಡುವ) ವ್ಯವಸ್ಥೆಯನ್ನು ನಮ್ಮ ಊರಿನವರು ಬೇರೆ ದೃಷ್ಟಿಯಿಂದಲೂ ನೋಡಬೇಕಾಗುತ್ತದೆ. ಮೂಲದಲ್ಲಿ ಆಟ ಉಳಿಸುವ ಟೈಪ್‌ರೈಟರಿಗೆ ಇಂಕ್ ರಿಬ್ಬನ್ ಬೇಕೇ ಬೇಕು. ಮರುನಿರ್ಮಾಣದಲ್ಲಿ ಹಾರ್ಡ್‌ಕೋರ್ ಎಂಬ ಕಠಿಣ ಮಟ್ಟಕ್ಕೆ ಮಾತ್ರ ಆ ನಿರ್ಬಂಧವಿದೆ, ಅಲ್ಲಿ ತಾನಾಗಿ ಉಳಿಯುವ ಸೌಲಭ್ಯವೂ ಇಲ್ಲ. ಎರಡೂವರೆ ಗಂಟೆಯೊಳಗೆ, ಮೂರು ಸಲಕ್ಕಿಂತ ಹೆಚ್ಚು ಉಳಿಸಿಕೊಳ್ಳದೆ ಮುಗಿಸಿದವರಿಗೆ ಎಸ್ ಪ್ಲಸ್ ಎಂಬ ಅತ್ಯುನ್ನತ ದರ್ಜೆ ಸಿಗುತ್ತದೆ. ಮಳೆಗಾಲದ ಸಂಜೆ ಡೆಸ್ಕ್‌ಟಾಪ್ ಮುಂದೆ ಈ ಸಾಹಸಕ್ಕೆ ಕೈಹಾಕುವವರು ಯುಪಿಎಸ್ ಬ್ಯಾಟರಿ ಸರಿಯಿದೆಯೇ ಎಂದು ನೋಡಿಕೊಳ್ಳುವುದು ಲೇಸು.

ಹಳೆಯ ಲ್ಯಾಪ್‌ಟಾಪ್ ಮಾತ್ರ ಇರುವವರಿಗೆ ಆಯ್ಕೆ ಸುಲಭ: 1998ರ ಆಟ 2024ರಲ್ಲಿ ಆಟಗಳನ್ನು ಮಾರುವ ಜಿಒಜಿ ತಾಣಕ್ಕೆ ಬಂದಿದೆ, ಅದಕ್ಕೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ, ಅದನ್ನು ಎ ಮತ್ತು ಬಿ ಎರಡನ್ನೂ ಸೇರಿಸಿಯೇ ಆಡಬೇಕು. ಯಂತ್ರಕ್ಕೆ ಶಕ್ತಿಯಿದ್ದವರು 2019ರದನ್ನು ಮೊದಲು ಸಾಧಾರಣ ಮಟ್ಟದಲ್ಲಿ ಮುಗಿಸಿ, ಅನಂತರ ಹಾರ್ಡ್‌ಕೋರನ್ನು ಕ್ಲೇರ್‌ಳಿಂದ ಆರಂಭಿಸಲಿ. ಅವಳ ಗ್ರೆನೇಡ್ ಲಾಂಚರಿನ ಬೆಂಕಿ ಮತ್ತು ಆಮ್ಲದ ಗುಂಡುಗಳು ಲಿಯಾನ್‌ನ ಶಾಟ್‌ಗನ್ನಿಗಿಂತ ಹೆಚ್ಚು ತಪ್ಪುಗಳನ್ನು ತಾಳಿಕೊಳ್ಳುತ್ತವೆ.